ಬೆನ್ನಿಗೆ ಹಗುರವಾದ ಬೇಸ್ ಗಿಟಾರ್: ತೂಗಿ ನೋಡಿ ಕೊಳ್ಳುವ ಬಗೆ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಬಾಕ್ಸಿನ ತೂಕ 15 ಕೆ.ಜಿ. ಹಮಾಲಿ ಅದನ್ನು ಎತ್ತಿ ಲಾರಿಗೆ ಇಟ್ಟರೆ ಭಾರ ಅಲ್ಲಿಗೆ ಇಳಿಯಿತು. ನಾಲ್ಕೂವರೆ ಕೆ.ಜಿ.ಯ ಬೇಸ್ ಗಿಟಾರ್ ಹಾಗೆ ಇಳಿಯುವುದಿಲ್ಲ. ಗಣೇಶೋತ್ಸವದ ರಸಮಂಜರಿಯಲ್ಲಿ ಸಂಜೆ ಏಳಕ್ಕೆ ಹೆಗಲೇರಿದ್ದು ರಾತ್ರಿ ಹತ್ತರವರೆಗೆ ಎಡಹೆಗಲ ಮೇಲೇ ಇರುತ್ತದೆ, ಅದೂ ಎರಡು ಇಂಚಿನ ಬೆಲ್ಟಿನಲ್ಲಿ ನೇತಾಡುತ್ತ. ಅದನ್ನು ತಾಳಿಕೊಳ್ಳಲು ಎಡಹೆಗಲು ಮೇಲೇಳುತ್ತದೆ, ನಡು ಬಲಕ್ಕೆ ವಾಲುತ್ತದೆ, ಮಾರನೆಯ ದಿನ ಕತ್ತು ತಿರುಗುವುದಿಲ್ಲ. ಇದಕ್ಕೆ ನೋವಿನ ಮುಲಾಮು ಪರಿಹಾರವಲ್ಲ. ವಾದ್ಯವನ್ನೇ ಸರಿಯಾಗಿ ಆರಿಸಬೇಕು.

ಮೊದಲು ತಕ್ಕಡಿ, ಆಮೇಲೆ ಮಾಡೆಲ್

ಮಾಡೆಲ್ ಹೆಸರು ನೋಡಿ ತೂಕ ನಂಬಬೇಡಿ. ಮರ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ; ಒಂದೇ ಜಾತಿಯ ಎರಡು ಹಲಗೆಗಳ ತೂಕವೂ ಬೇರೆ ಬೇರೆ. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಬಣ್ಣದ ಎರಡು ಬೇಸ್‌ಗಳ ನಡುವೆ ಅರ್ಧ ಕೆ.ಜಿ. ವ್ಯತ್ಯಾಸ ಸಾಮಾನ್ಯ. ನೀವು ಕೊಳ್ಳುವುದು ಕೈಯಲ್ಲಿರುವ ಆ ಒಂದು ಗಿಟಾರನ್ನು, ಆದ್ದರಿಂದ ತೂಗಬೇಕಾದದ್ದೂ ಅದನ್ನೇ.

ಪ್ರಯಾಣದ ಬ್ಯಾಗ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಒಂದನ್ನು ತೆಗೆದುಕೊಳ್ಳಿ, 10 ಗ್ರಾಂವರೆಗೆ ತೋರಿಸುವಂಥದ್ದು. ಗಿಟಾರಿನ ಎರಡೂ ಗುಂಡಿಗೆ ಬೆಲ್ಟ್ ಹಾಕಿ, ಬೆಲ್ಟಿನ ನಡುಭಾಗವನ್ನು ಕೊಕ್ಕೆಗೆ ಸಿಕ್ಕಿಸಿ, ಕೆಳಗೆ ಇನ್ನೊಬ್ಬರು ಮುಟ್ಟದಂತೆ ಕೈ ಒಡ್ಡಿರಲಿ. ಅಂಕಿ ನಿಲ್ಲುವವರೆಗೆ ಕಾಯಿರಿ, ಮೂರು ಸಲ ತೂಗಿ. ಬೆಲ್ಟನ್ನು ಬೇರೆಯಾಗಿ ತೂಗಿ ಕಳೆಯಿರಿ; ಅಗಲದ ಚರ್ಮದ ಬೆಲ್ಟು ಒಂದೇ 200 ಗ್ರಾಂ ದಾಟಬಹುದು. ಮನೆಯಲ್ಲಿ ಮೈತೂಕ ನೋಡುವ ಯಂತ್ರವಿದ್ದರೆ ಗಿಟಾರ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆಯಬಹುದು. ಅದರಲ್ಲಿ 100 ಗ್ರಾಂ ಹೆಚ್ಚುಕಮ್ಮಿ ಬರುತ್ತದೆ, ಅಂದಾಜಿಗೆ ಸಾಕು.

ನಾಲ್ಕು ತಂತಿಯ ಬೇಸ್ 3.2 ಕೆ.ಜಿ.ಗಿಂತ ಕೆಳಗಿದ್ದರೆ ನಿಜಕ್ಕೂ ಹಗುರ. 3.2ರಿಂದ 3.7ರವರೆಗಿನದು ಮೂರು ಗಂಟೆಯ ಕಾರ್ಯಕ್ರಮಕ್ಕೆ ಹೊಂದುತ್ತದೆ. ನಾಲ್ಕು ದಾಟಿದರೆ ಬೆನ್ನು ನೋವಿರುವವರು ಎರಡು ಸಲ ಯೋಚಿಸಬೇಕು. 4.3ರ ಮೇಲಿನದನ್ನು ಎಷ್ಟೇ ಚೆನ್ನಾಗಿ ನುಡಿದರೂ ಬಿಟ್ಟುಬಿಡಿ. ಐದು ತಂತಿಯದಕ್ಕೆ ಇನ್ನೂ 300ರಿಂದ 500 ಗ್ರಾಂ ಸೇರುತ್ತದೆ. ಕೆಳಗಿನ ಬಿ ತಂತಿ ನಿಮ್ಮ ಹಾಡುಗಳಲ್ಲಿ ನಿಜವಾಗಿ ಬೇಕೇ ಎಂದು ಮೊದಲೇ ತೀರ್ಮಾನಿಸಿ.

ಭಾರ ಎಲ್ಲಿಂದ ಬರುತ್ತದೆ

ಹೆಚ್ಚಿನ ಪಾಲು ಬಾಡಿಯ ಮರದ್ದು. ಒಂದು ಘನ ಮೀಟರಿಗೆ ಹಾರ್ಡ್ ಮೇಪಲ್ ಸುಮಾರು 700 ಕೆ.ಜಿ., ಆಲ್ಡರ್ ಮತ್ತು ಪಾಪ್ಲರ್ 450ರ ಆಸುಪಾಸು, ಬೇಸ್‌ವುಡ್ ಇನ್ನೂ ಸ್ವಲ್ಪ ಕಡಿಮೆ, ಪಾಲೋನಿಯಾ 300ರ ಹತ್ತಿರ. ಆಶ್ ಮಾತ್ರ ನಂಬುವಂತಿಲ್ಲ: ಸ್ವಾಂಪ್ ಆಶ್ ಹಗುರ ಬರುತ್ತದೆ, ಬರೀ ಆಶ್ ಎಂದು ಬರೆದದ್ದು ಕಲ್ಲಿನಂತೆ ಇರಬಹುದು. ಊರಿನ ಬಡಗಿಯ ಹತ್ತಿರ ತೇಗದಲ್ಲಿ ಬಾಡಿ ಮಾಡಿಸುವ ಆಸೆ ಕೆಲವರಿಗಿದೆ. ತೇಗ ಸುಮಾರು 650. ಫೆಂಡರ್ ಕಂಪನಿಯ ಮಾದರಿಯ ಅದೇ ಅಳತೆಯ ಬಾಡಿ ಆಲ್ಡರಿಗಿಂತ ಮುಕ್ಕಾಲು ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಬಾಗಿಲಿಗೆ ಒಳ್ಳೆಯ ಮರ, ಹೆಗಲಿಗಲ್ಲ.

ಹಗುರ ಮರಕ್ಕೂ ಒಂದು ತೊಂದರೆ ಇದೆ. ಬೇಸ್‌ವುಡ್, ಪಾಲೋನಿಯಾ ಮೆತ್ತಗಿರುವುದರಿಂದ ಬೆಲ್ಟಿನ ಗುಂಡಿಯ ಸ್ಕ್ರೂ ಕಾಲಕ್ರಮದಲ್ಲಿ ಸಡಿಲವಾಗಿ, ಒಂದು ದಿನ ವೇದಿಕೆಯ ಮೇಲೇ ಗಿಟಾರ್ ಕೆಳಗೆ ಬೀಳುತ್ತದೆ. ತಿಂಗಳಿಗೊಮ್ಮೆ ಗುಂಡಿಯನ್ನು ಬೆರಳಲ್ಲಿ ಅಲುಗಾಡಿಸಿ ನೋಡಿ. ಸಡಿಲವಿದ್ದರೆ ರಂಧ್ರವನ್ನು 6 ಮಿ.ಮೀ.ಗೆ ಹಿಗ್ಗಿಸಿ, ಗಟ್ಟಿ ಮರದ ಗೂಟಕ್ಕೆ ಫೆವಿಕಾಲ್ ಹಚ್ಚಿ ಬಡಿದು, ಒಂದು ದಿನ ಒಣಗಿಸಿ, ಗೂಟದ ನಡುವೆ ಹೊಸ ರಂಧ್ರ ಕೊರೆಯಿರಿ. ಬೆಂಕಿಕಡ್ಡಿ ತುರುಕುವುದು ಒಂದು ವಾರದ ಉಪಾಯ.

ಯಾವ ಜಾತಿಯ ಬೇಸ್

ಮಾಮೂಲಿ ಬೇಸ್‌ನ ಸ್ಕೇಲ್, ಅಂದರೆ ಉದ್ದನೆಯ ಹಿಡಿಯಾದ ನೆಕ್ಕಿನ ತುದಿಯ ನಟ್‌ನಿಂದ ಬಾಡಿಯ ಮೇಲೆ ತಂತಿ ಕಟ್ಟುವ ಬ್ರಿಡ್ಜ್‌ವರೆಗಿನ ತಂತಿಯ ಉದ್ದ, 34 ಇಂಚು. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗಿನಿಂದ ಇದೇ ವಾಡಿಕೆ. ಈ ಉದ್ದದಲ್ಲೇ ತೂಕ ಕಡಿಮೆ ಬೇಕಿದ್ದರೆ ಐಬನೀಜ್‌ನ ಎಸ್‌ಆರ್ ಸಾಲಿನಂಥ ತೆಳುವಾದ, ಅಂಚು ಕೆತ್ತಿದ ಬಾಡಿ ನೋಡಿ.

30 ಇಂಚಿನ ಶಾರ್ಟ್ ಸ್ಕೇಲ್ ಬೆನ್ನಿಗೂ ಎಡಗೈಗೂ ಒಟ್ಟಿಗೆ ನೆರವಾಗುತ್ತದೆ. ಸ್ಕ್ವಾಯರ್ ಬ್ರಾಂಕೊ, ಗ್ರೆಚ್ ಜೂನಿಯರ್ ಜೆಟ್ ಹೆಚ್ಚುಕಮ್ಮಿ ಈ ಅಳತೆಯವು. ಐಬನೀಜ್ ಮೈಕ್ರೊ ಇನ್ನೂ ಗಿಡ್ಡ, 28.6 ಇಂಚು. ನಟ್‌ನಿಂದ ಮೊದಲ ಫ್ರೆಟ್‌ವರೆಗಿನ (ಫ್ರೆಟ್ ಎಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಅಂತರ 34 ಇಂಚಿನದರಲ್ಲಿ 48.5 ಮಿ.ಮೀ. ಇದ್ದರೆ 30 ಇಂಚಿನದರಲ್ಲಿ 43 ಮಿ.ಮೀ. ಕೈ ಅಷ್ಟು ದೂರ ಚಾಚಬೇಕಿಲ್ಲ, ಹೆಗಲು ಅಷ್ಟು ಹಿಗ್ಗುವುದಿಲ್ಲ. ಬೆಲೆ ತೆರಬೇಕಾದದ್ದು ತಂತಿಯ ಬಿಗಿಯಲ್ಲಿ. ಅದೇ ದಪ್ಪದ ತಂತಿಯನ್ನು ಅದೇ ಸ್ವರಕ್ಕೆ ಕಟ್ಟಿದರೆ ಬಿಗಿ ಸುಮಾರು ಶೇ. 22 ಇಳಿಯುತ್ತದೆ, ಇ ತಂತಿ ಜೋಲುತ್ತದೆ, ಜೋರಾಗಿ ಮೀಟಿದರೆ ಫ್ರೆಟ್ಟಿಗೆ ಬಡಿದು ಗರಗರ ಎನ್ನುತ್ತದೆ. 105ರ ದಪ್ಪದ (ಇಂಚಿನ ಸಾವಿರದ ಭಾಗದ ಲೆಕ್ಕ) ಇ ತಂತಿಯ ಜಾಗದಲ್ಲಿ 110ರದನ್ನು ಹಾಕಿ, ಮೀಟುವ ಕೈ ಹಗುರ ಮಾಡಿ.

ತಂತಿ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಶಾರ್ಟ್ ಸ್ಕೇಲ್ ಎಂದು ಇರಲೇಬೇಕು. ಉದ್ದ ತಂತಿಯನ್ನು ಕತ್ತರಿಸಿ ಹಾಕಿದರೆ ದಪ್ಪ ಭಾಗವೇ ತಂತಿ ಬಿಗಿಮಾಡುವ ಟ್ಯೂನರ್‌ನ ಕಂಬಕ್ಕೆ ಸುತ್ತಿಕೊಂಡು ಮುರಿಯುತ್ತದೆ, ಇಲ್ಲವೇ ಶ್ರುತಿ ನಿಲ್ಲುವುದಿಲ್ಲ. ತುಮಕೂರು, ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿ ಈ ತಂತಿ ಕೇಳಿದ ಕೂಡಲೇ ಸಿಗುತ್ತದೆಂದು ನಂಬಿ ಕೂರಬೇಡಿ. ಗಿಟಾರಿನ ಜೊತೆಗೇ ಎರಡು ಸೆಟ್ ತರಿಸಿಡಿ.

ಟೊಳ್ಳು ಬಾಡಿಯ ಪಿಟೀಲಾಕಾರದ ಹಾಫ್ನರ್ ಮಾದರಿ ಎಲ್ಲಕ್ಕಿಂತ ಹಗುರ, ಎರಡೂವರೆ ಕೆ.ಜಿ.ಯ ಒಳಗೆ. ಚರ್ಚ್ ಬ್ಯಾಂಡಿಗೆ, ಮನೆಯ ಅಭ್ಯಾಸಕ್ಕೆ ಇದನ್ನು ಮೀರಿದ್ದಿಲ್ಲ. ಆದರೆ ಬಯಲಿನ ವೇದಿಕೆಯಲ್ಲಿ ಬೆನ್ನ ಹಿಂದೆಯೇ ದೊಡ್ಡ ಸಬ್‌ವೂಫರ್ ಇದ್ದರೆ ಟೊಳ್ಳು ಬಾಡಿ ಆ ಸದ್ದಿಗೆ ತಾನೂ ಕಂಪಿಸಿ ಊಳಿಡಲು ಶುರುಮಾಡುತ್ತದೆ. ಆರ್ಕೆಸ್ಟ್ರಾದವರಿಗೆ ಒಳಗೆ ಕೊಂಚ ಕೊರೆದು ಹಗುರ ಮಾಡಿದ ಬಾಡಿಯೇ ಕ್ಷೇಮ.

ತಲೆಯೇ ಇಲ್ಲದ ಹೆಡ್‌ಲೆಸ್ ಬೇಸ್‌ನಲ್ಲಿ ಟ್ಯೂನರುಗಳು ಬ್ರಿಡ್ಜ್ ಕಡೆ ಇರುತ್ತವೆ. ನೆಕ್ ಕೆಳಗೆ ಬೀಳುವ ಮಾತೇ ಬಹುಮಟ್ಟಿಗೆ ಮುಗಿಯಿತು, ಉದ್ದವೂ ಕಡಿಮೆ. ಬಸ್ಸಿನ ಸೀಟಿನ ನಡುವೆ ನಿಲ್ಲಿಸಿಕೊಳ್ಳಬಹುದು. ಬೆನ್ನು ಈಗಾಗಲೇ ಕೆಟ್ಟಿರುವವರಿಗೆ, ಹಣ ಹೊಂದುವುದಾದರೆ, ನಾವು ಮೊದಲು ಹೇಳುವುದು ಇದನ್ನೇ. ಸ್ಟೈನ್‌ಬರ್ಗರ್ ಮಾದರಿಯ ಕೆಲವಕ್ಕೆ ಎರಡೂ ತುದಿಯಲ್ಲಿ ಗುಂಡಿರುವ ತಂತಿ ಬೇಕು. ಐಬನೀಜ್ ಇಎಚ್‌ಬಿಯಂಥವು ಸಾಮಾನ್ಯ ತಂತಿಯನ್ನೇ ಹಿಡಿಯುತ್ತವೆ. ಕೊಳ್ಳುವ ಮುಂಚೆ ಇದನ್ನು ಕೇಳಿ.

ತೂಕಕ್ಕಿಂತ ಕೆಟ್ಟದ್ದು: ವಾಲುವ ನೆಕ್

ಹಳೆಯ ಬಾವಿಯ ಏತ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉದ್ದ ಕೋಲಿನ ತುದಿಯಲ್ಲಿ ಸಣ್ಣ ಭಾರವಿದ್ದರೂ ಅದರ ಎಳೆತ ದೊಡ್ಡದು. ಬೇಸ್‌ನಲ್ಲಿ ಕೋಲು ನೆಕ್, ತುದಿಯ ಭಾರ ಟ್ಯೂನರುಗಳು. ಬಾಡಿ ಹಗುರವಾದಷ್ಟೂ ಈ ಕಡೆಯ ಸಮತೂಕ ಕಡಿಮೆಯಾಗಿ ನೆಕ್ ನೆಲದ ಕಡೆ ಜಗ್ಗುತ್ತದೆ. ಮೂರು ಕೆ.ಜಿ.ಯ ಬೇಸ್ ಹೀಗೆ ಜಗ್ಗಿದರೆ ನೆಟ್ಟಗೆ ನಿಲ್ಲುವ ಮೂರೂ ಮುಕ್ಕಾಲರ ಬೇಸ್‌ಗಿಂತ ಬೆನ್ನಿಗೆ ಕೆಟ್ಟದ್ದು, ಏಕೆಂದರೆ ಎಡಗೈ ನುಡಿಸುವುದರ ಜೊತೆಗೆ ಊರೆಗೋಲಿನ ಕೆಲಸವನ್ನೂ ಮಾಡಬೇಕಾಗುತ್ತದೆ.

ಪರೀಕ್ಷೆ ಸುಲಭ. ನುಣುಪಾದ ಬಟ್ಟೆಯ ಅಂಗಿ ತೊಟ್ಟು ಹೋಗಿ. ಒರಟು ಹತ್ತಿ ಬಟ್ಟೆ ಬೆಲ್ಟನ್ನು ಹಿಡಿದಿಟ್ಟು ದೋಷ ಮುಚ್ಚಿಹಾಕುತ್ತದೆ. ಗಿಟಾರ್ ಹಾಕಿಕೊಂಡು, ನೆಕ್ ಸುಮಾರು 30 ಡಿಗ್ರಿ ಮೇಲೆತ್ತಿ, ಎರಡೂ ಕೈಯನ್ನು ಮೆಲ್ಲಗೆ ಬಿಡಿ. ಅಲ್ಲೇ ನಿಂತರೆ ಸರಿ. ನೆಲಕ್ಕೆ ಸಮಾನಾಂತರಕ್ಕೆ ಬಂದು ನಿಂತರೆ ಒಳ್ಳೆಯ ಬೆಲ್ಟಿನಿಂದ ಸುಧಾರಿಸಬಹುದು. ಅದಕ್ಕೂ ಕೆಳಗಿಳಿದರೆ ಬೇಡ. ಕಣ್ಣಳತೆಗೂ ಒಂದು ಗುರುತಿದೆ: ಬಾಡಿಯ ಮೇಲಿನ ಕೊಂಬಿನ ಬೆಲ್ಟ್ ಗುಂಡಿ 12ನೇ ಫ್ರೆಟ್ಟಿನ ನೇರಕ್ಕೆ ಬರಬೇಕು. ಕೊಂಬು ಗಿಡ್ಡವಾದಷ್ಟೂ ವಾಲುವುದು ಹೆಚ್ಚು.

ಇರುವ ಬೇಸ್ ವಾಲುತ್ತಿದ್ದರೆ ಬಾಡಿಗೆ ಸೀಸ ಸೇರಿಸುವ ಸಲಹೆಗೆ ಕಿವಿಗೊಡಬೇಡಿ, ಹಗುರ ಬೇಸ್ ತಂದ ಉದ್ದೇಶವೇ ಹಾಳು. ತಲೆಯ ಕಡೆ ಇಳಿಸಿ. ಹಿಪ್‌ಶಾಟ್ ಅಲ್ಟ್ರಾಲೈಟ್‌ನಂಥ ಹಗುರ ಟ್ಯೂನರ್ ನಾಲ್ಕು ಹಾಕಿದರೆ 150 ಗ್ರಾಂ ಆಸುಪಾಸು ಉಳಿಯುತ್ತದೆ, ಅದೂ ಏತದ ತುದಿಯಲ್ಲಿ. ತರಿಸುವ ಮುಂಚೆ ಒಂದು ಟ್ಯೂನರ್ ಬಿಚ್ಚಿ ರಂಧ್ರದ ವ್ಯಾಸವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. 14 ಮತ್ತು 17.5 ಮಿ.ಮೀ. ಹೆಚ್ಚಾಗಿ ಕಾಣುವ ಅಳತೆಗಳು. ಹಳೆಯ ಸ್ಕ್ರೂ ರಂಧ್ರಗಳು ಹೊಂದದಿದ್ದರೆ ಹೊಸದಾಗಿ ಕೊರೆದು, ಸ್ಕ್ರೂಗೆ ಸ್ವಲ್ಪ ಸೋಪು ಸವರಿ ಕೈಯಲ್ಲೇ ತಿರುಗಿಸಿ. ನೆಕ್ ಹೆಚ್ಚಾಗಿ ಮೇಪಲ್‌ನದು, ಗಟ್ಟಿ ಮರ; ಕೊರೆಯದೆ ಒತ್ತಿದರೆ ಸ್ಕ್ರೂ ತಲೆ ಮುರಿದು ಉಳಿದ ತುಂಡು ಒಳಗೇ ಸಿಕ್ಕಿಕೊಳ್ಳುತ್ತದೆ.

ಬೆಲ್ಟ್ ಮತ್ತು ಎತ್ತರ

ಕನಿಷ್ಠ ಮೂರು ಇಂಚು, ಸಾಧ್ಯವಿದ್ದರೆ ನಾಲ್ಕು ಇಂಚು ಅಗಲ; ಒಳಮೈ ಒರಟು ಚರ್ಮದ್ದಾಗಿರಲಿ. ಹಿಗ್ಗುವ ನಿಯೋಪ್ರೀನ್ ಬೆಲ್ಟು ಅಂಗಡಿಯಲ್ಲಿ ಹಾಯೆನಿಸುತ್ತದೆ, ಆದರೆ ಹೆಜ್ಜೆ ಹಾಕಿದಾಗಲೆಲ್ಲ ಗಿಟಾರ್ ಕುಣಿಯುತ್ತದೆ. ಎರಡೂ ಹೆಗಲಿಗೆ ಹಾಕುವ ಬೆಲ್ಟೂ ಇದೆ. ಭಾರ ಹಂಚುತ್ತದೆ, ಹಾಡಿನ ನಡುವೆ ತೆಗೆದು ಹಾಕುವುದು ಮಾತ್ರ ಕಷ್ಟ. ಉದ್ದ ಹೊಂದಿಸಲು ಕುರ್ಚಿಯಲ್ಲಿ ಕೂತು ಬೆಲ್ಟ್ ಬಿಗಿಮಾಡಿ, ನಿಂತಾಗಲೂ ಗಿಟಾರ್ ಅದೇ ಎತ್ತರದಲ್ಲಿರಬೇಕು. ಮಂಡಿಯ ಹತ್ತಿರ ತೂಗುಬಿಟ್ಟರೆ ಮಣಿಕಟ್ಟು ಮಡಚಿ, ಬೆನ್ನು ಬಾಗಿಯೇ ಬಾಗುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದರೆ, ತೋಳಿಗೆ ನೋವು ಇಳಿಯುತ್ತಿದ್ದರೆ ಬೆಲ್ಟ್ ಬದಲಿಸುತ್ತ ಕೂರಬೇಡಿ, ಮೂಳೆ ವೈದ್ಯರಿಗೆ ತೋರಿಸಿ.

ಕೊಳ್ಳುವ ದಿನ

ಆಯ್ಕೆಗೆ ಬೆಂಗಳೂರಿಗೇ ಹೋಗಬೇಕಾದೀತು. ತುಮಕೂರಿನಿಂದಾಗಲಿ ಕೆಜಿಎಫ್‌ನಿಂದಾಗಲಿ ಬೆಳಗಿನ ರೈಲು ಹಿಡಿದರೆ ದಿನವಿಡೀ ಸಮಯ ಸಿಗುತ್ತದೆ. ತಕ್ಕಡಿ, ನಿಮ್ಮ ಸ್ವಂತ ಬೆಲ್ಟು ಜೊತೆಗಿರಲಿ. ಅದೇ ಮಾಡೆಲಿನ ಎರಡು ಮೂರು ಗಿಟಾರ್ ಇದ್ದರೆ ಎಲ್ಲವನ್ನೂ ತೂಗಿ, ಹಗುರವಾದದ್ದನ್ನು ನಿಂತೇ 20 ನಿಮಿಷ ನುಡಿಸಿ. ಐದು ನಿಮಿಷದಲ್ಲಿ ಯಾವ ಬೇಸೂ ಭಾರ ಎನಿಸುವುದಿಲ್ಲ. ಹೊತ್ತು ತರಲು ಎರಡು ಹೆಗಲಿನ ಬಟ್ಟೆ ಬ್ಯಾಗ್ ಕೇಳಿ. ಗಟ್ಟಿ ಪೆಟ್ಟಿಗೆ ಗಿಟಾರಿನಷ್ಟೇ ತೂಗುತ್ತದೆ.

ಹಳೆಯದನ್ನು ಕೊಳ್ಳುವುದಾದರೆ ಕೊಕ್ಕೆ ತಕ್ಕಡಿಗೆ ನೇತುಹಾಕಿ ಅಂಕಿ ಕಾಣುವ ಫೋಟೊ ಕಳಿಸಲು ಮಾರುವವರಿಗೆ ಹೇಳಿ. ಆನ್‌ಲೈನಿನಲ್ಲಿ ಹೊಸದು ತರಿಸಿದರೆ ವಾಪಸ್ ಕೊಡುವ ಗಡುವು ಎಷ್ಟು ದಿನ ಎಂದು ಮೊದಲೇ ಓದಿಕೊಳ್ಳಿ. ಪಾರ್ಸೆಲ್ ಬಂದ ದಿನವೇ, ಬಾಡಿಗೆ ಗೀರು ಬೀಳದಂತೆ ಕೂರಿಸಿರುವ ಪಿಕ್‌ಗಾರ್ಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುವ ಮುಂಚೆ, ತೂಗಿ, ಕೈ ಬಿಟ್ಟು ನೋಡಿ.