ಆಟಿಸಂ ಇರುವ ಮಗುವಿನ ವರ್ತನಾ ಚಿಕಿತ್ಸೆ: ಮನೆಯವರು ಎಲ್ಲಿಂದ ಆರಂಭಿಸಬೇಕು?

ಮಗುವಿನ ಕಿರುಚಾಟವನ್ನು ನಿಲ್ಲಿಸುವುದು ಹೇಗೆಂದು ಯೋಚಿಸುವ ಮೊದಲು, ಅದು ಕಿರುಚಿ ಏನನ್ನು ಹೇಳುತ್ತಿದೆ ಎಂಬುದನ್ನು ತಿಳಿಯಬೇಕು. ವರ್ತನಾ ಚಿಕಿತ್ಸೆಯ ತಳಹದಿಯೇ ಇದು. ಒಂದು ವಾರದ ಕಾಲ, ಪ್ರತಿ ಸಲವೂ ವರ್ತನೆಗೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆನಂತರ ನೀವೇನು ಮಾಡಿದಿರಿ ಎಂಬ ಮೂರು ಸಂಗತಿಗಳನ್ನು ಪುಸ್ತಕವೊಂದರಲ್ಲಿ ಬರೆದಿಡಿ. ಗಮನ ಸೆಳೆಯುವುದು, ಬೇಕಾದದ್ದನ್ನು ಪಡೆಯುವುದು, ಕಷ್ಟವೆನಿಸಿದ್ದರಿಂದ ತಪ್ಪಿಸಿಕೊಳ್ಳುವುದು, ಇಂದ್ರಿಯಗಳಿಗೆ ಹಿತ ಕಂಡುಕೊಳ್ಳುವುದು: ಸಾಮಾನ್ಯವಾಗಿ ಇವುಗಳಲ್ಲೊಂದು ಕಾರಣ ಆ ಪುಟಗಳಲ್ಲಿ ಕಾಣಿಸುತ್ತದೆ. ವರ್ತನೆ ಏಕಾಏಕಿ ಬದಲಾಗಿದ್ದರೆ ಹಲ್ಲುನೋವು, ಕಿವಿನೋವು ಅಥವಾ ಮಲಬದ್ಧತೆ ಇದೆಯೇ ಎಂದು ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ.

ಕಾರಣ ತಿಳಿದ ಮೇಲೆ, ಅದೇ ಅಗತ್ಯವನ್ನು ಪೂರೈಸುವ ಇನ್ನೊಂದು ಸುಲಭ ದಾರಿಯನ್ನು ಕಲಿಸಬೇಕು. ಹಲ್ಲುಜ್ಜುವಾಗ ಬ್ರಷ್ ಎಸೆಯುವ ಮಗುವಿನ ಕೈಗೆಟುಕುವಂತೆ ‘ಸಾಕು’ ಎಂಬರ್ಥದ ಚಿತ್ರದ ಕಾರ್ಡೊಂದನ್ನು ಇಡಿ, ಅದನ್ನು ಎತ್ತಿ ನಿಮಗೆ ಕೊಡಲು ಮೊದಲಿಗೆ ಕೈಹಿಡಿದು ನೆರವಾಗಿ, ಕೊಟ್ಟ ಕ್ಷಣವೇ ಬ್ರಷ್ಷನ್ನು ಕೆಳಗಿಡಿ. ಮೊದಲ ದಿನ ಬ್ರಷ್ ತುಟಿಗೆ ತಾಗಿದರೂ ಸಾಕು. ಎರಡು ಹಲ್ಲು, ಒಂದು ಸಾಲು ಎಂದು ದಿನಗಳೆದಂತೆ ಮುಂದುವರಿಯಿರಿ. ಮೆಚ್ಚುಗೆಯನ್ನು ತಡಮಾಡದೆ, ‘ಬಾಯಿ ತೆರೆದೆಯಲ್ಲ, ಬಹಳ ಚೆನ್ನಾಯಿತು’ ಎಂದು ಸ್ಪಷ್ಟವಾಗಿ ಹೇಳಿ. ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳದಿದ್ದರೆ ಮಗುವಿಗೆ ಗೊಂದಲವಾಗುತ್ತದೆ.

ಯಾರಿಗೂ ಅಪಾಯವಿಲ್ಲದ ಕೈಬೀಸಾಟ, ತೂಗಾಟಗಳು ಮಗುವಿಗೆ ನೆಮ್ಮದಿ ಕೊಡುವಂಥವು. ಅವುಗಳನ್ನು ದಯವಿಟ್ಟು ತಡೆಯಬೇಡಿ. ಶಿಕ್ಷೆಯನ್ನು ನೆಚ್ಚಿಕೊಳ್ಳುವ, ಪೋಷಕರನ್ನು ಹೊರಗಿಡುವ ಚಿಕಿತ್ಸಕರನ್ನು ಬದಲಾಯಿಸುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಮಗು ತನಗೇ ಗಾಯ ಮಾಡಿಕೊಳ್ಳುತ್ತಿದ್ದರೆ ಮನೆಯ ಪ್ರಯತ್ನವನ್ನಷ್ಟೇ ನಂಬದೆ ಕೂಡಲೇ ತಜ್ಞರನ್ನು ಕಾಣಿರಿ.