ಗುನುಗಿನಿಂದ ಕಡಲ ಹಾಡಿನ ಜಾಡು ಹಿಡಿದದ್ದು

ಅರ್ಧ ನೆನಪಿರುವ ಕಡಲ ಹಾಡನ್ನು ಮಾತು ಹಿಡಿದು ಹುಡುಕಿದರೆ ಸಿಗುವುದಿಲ್ಲ. ಮಾತು ಊರೂರಿಗೆ ಬದಲಾಗುತ್ತದೆ. ಸೊಲ್ಲು (ಎಲ್ಲರೂ ಮರಳಿ ಹೇಳುವ ಪಲ್ಲವಿ) ಮತ್ತು ಕೆಲಸದ ಲಯ ಅಷ್ಟು ಸುಲಭವಾಗಿ ಕದಲುವುದಿಲ್ಲ. ಗುನುಗಿನಲ್ಲಷ್ಟೇ ಉಳಿದಿದ್ದ ಅಂಥದೊಂದು ಹಾಡು ಕೇಳಿ 'ಅದು ತುಳು ಪಾಡ್ದನ (ತುಳುವಿನ ಕಥನ ಹಾಡು), ಬಿಡಿ' ಎಂದಿದ್ದ ಗೆಳೆಯರೇ ಈಗ ಒಪ್ಪಿದ್ದಾರೆ: ಅದು ಕುಂದಾಪುರ ಕಡೆಯ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಎಳೆಯುವ ಹಾಡು.

ರೆಕಾರ್ಡ್ ಮಾಡಿದ ಗುನುಗನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶಕ್ಕೆ ಹಾಕಿ ಟೆಂಪೊ ಮಾತ್ರ ಶೇ. 25ರಷ್ಟು ಇಳಿಸಿದೆ. ಸ್ಪೀಡ್ ಇಳಿಸಿದರೆ ಶ್ರುತಿಯೂ ಇಳಿದು ಧಾಟಿ ಗುರುತು ಸಿಗದು. ಒತ್ತು ಬೀಳುವಲ್ಲೆಲ್ಲ ಲೇಬಲ್ ಹಾಕಿದಾಗ ವಿಷಯ ಕಣ್ಣಿಗೇ ಕಂಡಿತು. ದೋಣಿಗೆ ಹುಟ್ಟು ಹಾಕುವ ಹಾಡಾದರೆ ಒತ್ತುಗಳು ಸಮ ಅಂತರದಲ್ಲಿರುತ್ತವೆ. ಇಲ್ಲಿ ಎರಡು ಒತ್ತು, ಆಮೇಲೆ ಉದ್ದನೆಯ ಬಿಡುವು: ಹಗ್ಗ ಜಗ್ಗಿ, ಹಿಡಿತ ಬದಲಿಸಿ, ಹಿಂದಕ್ಕೆ ಹೆಜ್ಜೆ ಇಡುವಷ್ಟು. ದಡದಲ್ಲಿ ನಿಂತು ಎರಡು ತಂಡ ಬಲೆಯ ಎರಡು ತುದಿ ಎಳೆಯುವ ಕೆಲಸವದು. 1970ರ ದಶಕದ ಕೊನೆಗೆ ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕುಗ್ಗಿತು. ಹಾಗಾಗಿ ಅರವತ್ತೈದು ದಾಟಿದವರನ್ನೇ ಕೇಳಬೇಕು.

ಹೋಲಿಸಿ ನೋಡಲು ಹಳೆಯ ಕ್ಯಾಸೆಟ್ ಹುಡುಕಿದೆ, ದುಡ್ಡು ಹೋದದ್ದು ಅದಕ್ಕೇ. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ರಾಶಿಗೆ ಕೊಂಡದ್ದರಲ್ಲಿ ಮುಕ್ಕಾಲು ಪಾಲು ಭಜನೆ. ಕ್ಯಾಸೆಟ್ ಡೆಕ್ಕಿಗೆಂದು ಎಸ್‌ಪಿ ರೋಡಿನಲ್ಲಿ ಕೊಂಡ ಬೆಲ್ಟ್, ಕೇಬಲ್ ಸೇರಿ ಎರಡು ಸಾವಿರದ ಹತ್ತಿರ. ಡೆಕ್ಕಿನ ಬೆಲ್ಟ್ ಸಡಿಲವಿದ್ದರೆ ಲಯವೇ ಓಲಾಡುತ್ತದೆ, ಆ ಪ್ರತಿ ಹೋಲಿಕೆಗೆ ಬಾರದು. ಗೂಗಲ್ಲಿನ ಗುನುಗು ಹುಡುಕಾಟ ಸಿನಿಮಾ ಹಾಡುಗಳನ್ನೇ ತಂದು ಸುರಿಯಿತು. ಯೂಟ್ಯೂಬಿನಲ್ಲಿ 'ಐಲೇಸಾ' ಎಂದು ಹಾಕಿದರೂ ಅದೇ ಕಥೆ.

ಕುತೂಹಲಕ್ಕೆ ಗುನುಗನ್ನು ಕನ್ನಡ ವಾಯ್ಸ್ ಟೈಪಿಂಗಿಗೆ ಕೇಳಿಸಿದೆ. ಮೂಡಿದ್ದೆಲ್ಲ ಅಸಂಬದ್ಧ, ಆದರೆ ಸಾಲಿನ ಕೊನೆಯಲ್ಲಿ 'ಹೋಪುಕೆ'ಯಂಥ (ಎಂದರೆ 'ಹೋಗಲು') ಸದ್ದು ಮತ್ತೆ ಮತ್ತೆ ಬಂತು. ಅದು ಕುಂದಗನ್ನಡ, ಕುಂದಾಪುರ ಕಡೆಯ ಕನ್ನಡ. ಅಲ್ಲಿಗೆ ತುಳುವಿನ ವಾದ ಬಿತ್ತು.

ಬೆಂಗಳೂರಿನ ಕುಂದಾಪುರದವರ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕು ಅಡುಗೆಯವರಿಗೆ ಬಿಡುವಿನ ಹೊತ್ತು. ಅವರ ಮೂಲಕವೇ ಊರಿನ ಹಿರಿಯರನ್ನು ತಲುಪಿದೆ. 'ಈ ಹಾಡು ಗೊತ್ತಾ?' ಎಂದರೆ 'ಇಲ್ಲ' ಎಂಬ ಉತ್ತರವೇ ಬರುತ್ತದೆ. 'ಬಲೆ ಎಳುವಾಗ ಎಂತ ಹೇಳ್ತಿದ್ರಿ?' ಎಂದು ಕೇಳಿದರೆ ಹಾಡು ತಾನಾಗಿ ಹೊರಬರುತ್ತದೆ. ಅವರು ತಿದ್ದಲೆಂದು ಒಂದು ಸಾಲನ್ನು ಬೇಕೆಂದೇ ತಪ್ಪಾಗಿ ಹಾಡುವ ಉಪಾಯವೂ ಇದೆ. ಯಾವ ಸಾಲು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ವಾಟ್ಸಾಪ್ ಕರೆಯಲ್ಲಿ ಹಾಡಿಸಬೇಡಿ, ಎಳೆದ ಸ್ವರವನ್ನು ಅದು ಗದ್ದಲವೆಂದು ಅಳಿಸುತ್ತದೆ. ವಾಯ್ಸ್ ಮೆಸೇಜ್ ಕಳಿಸಲು ಹೇಳಿ.

ಗಂಗೊಳ್ಳಿಯವರೊಬ್ಬರು, ಮರವಂತೆಯವರೊಬ್ಬರು, ಪರಸ್ಪರ ಪರಿಚಯವಿಲ್ಲದವರು, ಒಂದೇ ಸೊಲ್ಲು, ಅದೇ ಬಿಡುವು, ಅದೇ ಮೂರನೇ ಸಾಲು ಕೊಟ್ಟರು. ಮೊದಲ ಸಾಲು ಮಾತ್ರ ಇಬ್ಬರದೂ ಬೇರೆ. ಮುಂದೆ ನಿಂತವರು ಅಲ್ಲಲ್ಲೇ ಕಟ್ಟಿ ಹಾಡುವ ಸಾಲು ಅದು, ಎರಡನ್ನೂ ಬರೆದಿಟ್ಟಿದ್ದೇನೆ.