ದೊಡ್ಡ ಕಂಪನಿಗೆ ಹೊಸ ಡ್ರೈವರ್ ಆಗಿ ಸೇರುವವರಿಗೆ: ಮೊದಲು ಒಂದೇ ಲೈನ್ ಹಿಡಿಯಿರಿ

ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗೆ ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಸಂಬಳ ಎಷ್ಟು ಅಂತ. ಆಮೇಲೆ ಗಾಡಿ ಯಾವುದು ಕೊಡ್ತಾರೆ ಅಂತ. ಯಾವ ಲೈನ್, ಅಂದರೆ ಕಾಯಂ ಓಡಿಸುವ ರಸ್ತೆ, ಕೇಳಿ ತಗೋಬೇಕು ಅಂತ ಕೇಳಿದವರು ಕಡಿಮೆ. ನನ್ನ ಪ್ರಕಾರ ಮೊದಲ ವರ್ಷ ನಿಂತಿರುವುದೇ ಅದರ ಮೇಲೆ. ಒಂದು ಲೈನ್ ಕೇಳಿ ಹಿಡಿಯಿರಿ. ಅದು ಬಾಯಿಪಾಠ ಆಗುವವರೆಗೆ ಇನ್ನೊಂದಕ್ಕೆ ಹೋಗಬೇಡಿ. ನಾನು ಹಾಗೇ ಮಾಡಿದೆ. ಅದರಿಂದ ಏನೇನು ಕಲಿತೆ ಅಂತ ಇಲ್ಲಿ ಬರೆಯುತ್ತೇನೆ.

ನಾನು ಹಾವೇರಿ ಜಿಲ್ಲೆಯವನು. ಶುರುವಿನಲ್ಲಿ ಒಬ್ಬ ಮಾಲೀಕರ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಗೋವಿನಜೋಳ ತುಂಬಿಕೊಂಡು ಹೋಗುವುದು, ಇಳಿಸಿದ ಊರಲ್ಲಿ ವಾಪಸ್ ಲೋಡ್‌ಗೆ ಕಾಯುವುದು. ಲೋಡ್ ಎಲ್ಲಿಗೆ ಸಿಗುತ್ತದೋ ಅದೇ ನಮ್ಮ ರಸ್ತೆ. ಹೀಗಾಗಿ ಊರು ಬಹಳ ನೋಡಿದೆ, ಆದರೆ ಒಂದು ರಸ್ತೆಯೂ ಪೂರ್ತಿ ಗೊತ್ತಾಗಲಿಲ್ಲ.

ಹೆವಿ ಲೈಸೆನ್ಸ್ ಬೇಕಾದರೆ ಮೊದಲು ಕಾರ್ ಲೈಸೆನ್ಸ್ ಆಗಿ ಒಂದು ವರ್ಷ ಕಳೆದಿರಬೇಕು, ವಯಸ್ಸು 20 ತುಂಬಿರಬೇಕು. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಬೇಕು, ಡಾಕ್ಟರ ಸರ್ಟಿಫಿಕೇಟೂ ಬೇಕು. ಮುಂಚೆ ಎಂಟನೇ ತರಗತಿ ಪಾಸಾಗಿರಲೇಬೇಕಿತ್ತು. ಕೇಂದ್ರ ಸರಕಾರ 2019ರಲ್ಲಿ ಆ ನಿಯಮ ತೆಗೆಯಿತು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ನನ್ನಂಥ ಎಷ್ಟೋ ಜನರಿಗೆ ಆ ಒಂದು ತಿದ್ದುಪಡಿಯಿಂದ ದಾರಿ ಸಿಕ್ಕಿತು.

2021ರಲ್ಲಿ ಹುಬ್ಬಳ್ಳಿಯ ಒಂದು ಪಾರ್ಸೆಲ್ ಕಂಪನಿಗೆ ಸೇರಿದೆ. ಯಾರ್ಡಿನಲ್ಲಿ ಟೆಸ್ಟ್ ಇತ್ತು. ಗಾಡಿ ರಿವರ್ಸ್ ತಗೊಂಡು ಪ್ಲಾಟ್‌ಫಾರ್ಮಿಗೆ ಹಚ್ಚಬೇಕು. ಎಷ್ಟು ಬೇಗ ಹಚ್ಚುತ್ತೀರಿ ಅಂತ ಯಾರೂ ನೋಡುವುದಿಲ್ಲ. ಇಳಿದು ಹಿಂದೆ ಹೋಗಿ ನೋಡಿ ಬರುತ್ತೀರಾ, ಬ್ರೇಕಿನ ಏರ್ ತುಂಬಿ ಬಝರ್ ನಿಲ್ಲುವವರೆಗೆ ಕಾಯುತ್ತೀರಾ, ಇವನ್ನು ನೋಡುತ್ತಾರೆ. ಎರಡು ಸಲ ಇಳಿದು ನೋಡಿದರೂ ಪರವಾಗಿಲ್ಲ. ಕಂಪನಿಗೆ ಬೇಕಾಗಿರುವುದು ಅಂಥ ಡ್ರೈವರೇ.

ಆಮೇಲೆ ಒಬ್ಬ ಹಿರಿಯ ಡ್ರೈವರ್ ಜೊತೆ ಹಾಕಿದರು. ನವಲಗುಂದ ಕಡೆಯವರು. ಮಾತು ಕಡಿಮೆ. ಹೊರಡುವ ಮುಂಚೆ ವ್ಹೀಲ್ ರಾಡಿನಿಂದ ಪ್ರತಿ ಟೈರಿಗೆ ಒಂದೊಂದು ಏಟು ಹೊಡೆಸುತ್ತಿದ್ದರು. ಗಾಳಿ ಸರಿ ಇದ್ದರೆ ರಾಡ್ ಪುಟಿದು ಬರುತ್ತದೆ, ಗಾಳಿ ಕಮ್ಮಿ ಇದ್ದರೆ ಸದ್ದು ಮಂಕಾಗಿರುತ್ತದೆ. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಇಳಿದಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ, ಕಿವಿಗೇ ಗೊತ್ತಾಗಬೇಕು. ಜೋಡಿ ಟೈರಿನ ಮಧ್ಯೆ ಕಲ್ಲು ಸಿಕ್ಕಿದೆಯಾ ಅಂತಲೂ ಆಗಲೇ ನೋಡಬೇಕು. ಏರ್ ಟ್ಯಾಂಕಿನ ವಾಲ್ವ್ ಎಳೆದು ನೀರು ಬರುತ್ತದೆಯಾ ನೋಡಬೇಕು. ಈಗಿನ ಬಿಎಸ್6 ಗಾಡಿಗಳಲ್ಲಿ ಡೀಸೆಲ್ ಜೊತೆ ಡೆಫ್ (ಹೊಗೆಯ ಮಾಲಿನ್ಯ ಕಡಿಮೆ ಮಾಡುವ ದ್ರವ) ಕೂಡ ಎಷ್ಟಿದೆ ನೋಡಬೇಕು. ಅದು ಖಾಲಿಯಾದರೆ ಎಂಜಿನ್ ತಾನೇ ಪವರ್ ಕಡಿಮೆ ಮಾಡಿಕೊಳ್ಳುತ್ತದೆ. ಲೋಡ್ ಇರುವಾಗ ಹೀಗಾದರೆ ರಾತ್ರಿಯೆಲ್ಲ ರಸ್ತೆ ಬದಿಯಲ್ಲೇ.

ಜೊತೆಗಾರರಿಂದ ಬಿಡುಗಡೆಯಾದ ಮೇಲೆ ಕಂಪನಿಯಲ್ಲಿ ಗಾಡಿ ಹಂಚುವ ಟ್ರಾಫಿಕ್ ಸೆಕ್ಷನ್‌ನವರು ನನ್ನನ್ನು ಸ್ಪೇರ್ ಡ್ರೈವರ್ ಆಗಿ ಇಟ್ಟುಕೊಳ್ಳಲು ಹೊರಟರು. ಯಾರು ರಜೆ ಹಾಕಿದರೆ ಅವರ ಗಾಡಿ. ಇವತ್ತು ಪುಣೆ, ನಾಳೆ ಮಂಗಳೂರು, ಆಮೇಲೆ ಹೈದರಾಬಾದ್. ಕಿಲೋಮೀಟರ್ ಜಾಸ್ತಿ, ಬತ್ತಾ ಜಾಸ್ತಿ. ಹೊಸಬರಿಗೆ ಆಸೆ ಆಗುವುದು ಸಹಜ. ನಾನು ಒಪ್ಪಲಿಲ್ಲ. ಬೆಂಗಳೂರು ಲೈನ್ ಕೊಡಿ, ಬತ್ತಾ ಕಡಿಮೆ ಆದರೂ ಪರವಾಗಿಲ್ಲ ಅಂತ ಕೇಳಿದೆ. ಕೆಲವು ವಾರ ಕಾಯಿಸಿದರು, ಆಮೇಲೆ ಕೊಟ್ಟರು. ವಿನಯದಿಂದ ಕೇಳಿದರೆ ಕೊಡುತ್ತಾರೆ. ಯಾಕೆಂದರೆ ಒಂದೇ ಲೈನಿನಲ್ಲಿ ನಿಲ್ಲುವ ಡ್ರೈವರ್ ಅವರಿಗೂ ಬೇಕು.

ಪಾರ್ಸೆಲ್ ಕಂಪನಿಯ ಕೆಲಸ ಹೀಗೆ. ಸುತ್ತಲಿನ ಬ್ರಾಂಚ್‌ಗಳ ಮಾಲು ಸಂಜೆಗೆ ಹುಬ್ಬಳ್ಳಿ ಹಬ್‌ಗೆ ಬರುತ್ತದೆ. ಅಲ್ಲಿ ಊರುವಾರು ವಿಂಗಡಿಸಿ ರಾತ್ರಿ ಗಾಡಿಗೆ ತುಂಬುತ್ತಾರೆ. ಬೆಳಗ್ಗೆ ಬೆಂಗಳೂರಲ್ಲಿ ಇಳಿಸಬೇಕು. ಮರುರಾತ್ರಿ ಅಲ್ಲಿಂದ ವಾಪಸ್. ರಸ್ತೆ ನಾನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಅಷ್ಟೂ ಎನ್‌ಎಚ್ 48. ಇದರಲ್ಲಿ ಕಲಿಯುವುದು ಏನಿದೆ, ನಾಲ್ಕು ಲೇನ್ ಹೈವೇ ಅಲ್ವಾ ಅಂತ ಅನಿಸಬಹುದು. ಇದೆ.

ಬಂಕಾಪುರ ಟೋಲ್ ದಾಟಿ ಹಾವೇರಿ ಬಿಟ್ಟ ಮೇಲೆ ಮೋಟೆಬೆನ್ನೂರು ಬರುತ್ತದೆ. ಬ್ಯಾಡಗಿಗೆ ತಿರುಗುವ ಜಾಗ. ಮೆಣಸಿನಕಾಯಿ ಸೀಸನ್ನಿನಲ್ಲಿ ಅಲ್ಲಿ ಎತ್ತರಕ್ಕೆ ಚೀಲ ಒಟ್ಟಿದ ಗಾಡಿಗಳು ಹೈವೇಗೆ ನಿಧಾನವಾಗಿ ಹತ್ತುತ್ತಿರುತ್ತವೆ. ಮೆಣಸಿನಕಾಯಿ ಹಗುರ, ಆದರೆ ಲೋಡ್ ಎತ್ತರ. ಅಂಥ ಗಾಡಿ ಪಟ್ಟನೆ ತಿರುಗಿಸಿದರೆ ವಾಲುತ್ತದೆ. ಅದರ ಪಕ್ಕಕ್ಕೆ ಹೋಗಿ ಒತ್ತಬಾರದು. ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಎರಡು ಟ್ರೈಲರ್, ಹಿಂದೆ ಒಂದು ದೀಪವೂ ಇಲ್ಲ. ಡಿಪ್ ಲೈಟಿನಲ್ಲಿ ಅವು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಆ ತಿಂಗಳುಗಳಲ್ಲಿ ಚಳಗೇರಿ, ಹೆಬ್ಬಾಳು ಟೋಲ್‌ಗಳ ಆಚೀಚೆ ನಾನು ಸ್ಪೀಡ್ ಇಳಿಸಿಯೇ ಹೋಗುತ್ತೇನೆ. ಟೈಮ್ ಹೋದರೆ ಹೋಗಲಿ.

ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಗಿರಣಿಗಳು ಸುಮ್ನೆ ನಿಂತಿಲ್ಲ. ಆಷಾಢದಲ್ಲಿ ಅಲ್ಲಿ ಅಡ್ಡಗಾಳಿ ಜೋರು. ಬಾಡಿ ಮುಚ್ಚಿದ ಗಾಡಿ ಹಗುರ ಲೋಡಿನಲ್ಲಿದ್ದರೆ ಪಕ್ಕದ ಲೇನಿಗೆ ತಳ್ಳುತ್ತದೆ. ದೊಡ್ಡ ಕಂಟೇನರ್ ಓವರ್‌ಟೇಕ್ ಮಾಡುವಾಗ ಇನ್ನೂ ಹುಷಾರು. ಅದರ ಮರೆಯಲ್ಲಿ ಇರುವವರೆಗೆ ಗಾಳಿ ಇಲ್ಲ. ಮರೆ ದಾಟಿದ ಕ್ಷಣ ಒಮ್ಮೆಲೇ ಹೊಡೆಯುತ್ತದೆ. ಸ್ಟಿಯರಿಂಗ್ ಎರಡೂ ಕೈಯಲ್ಲಿ ಇರಬೇಕು.

ಎಲ್ಲಕ್ಕಿಂತ ಕಷ್ಟದ ಜಾಗ ಹಿರಿಯೂರಿನಿಂದ ಶಿರಾ. ತಿರುವು ಕಡಿಮೆ, ಟ್ರಾಫಿಕ್ ಕಡಿಮೆ. ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿ ಬಿಟ್ಟರೆ ಹಿರಿಯೂರು ದಾಟುವಾಗ ಎರಡು, ಎರಡೂವರೆ. ಮನುಷ್ಯನಿಗೆ ನಿದ್ದೆ ಒತ್ತಿ ಬರುವ ಹೊತ್ತು ಅದೇ. ನಿದ್ದೆ ಬಂದ ಮೇಲೆ ನಿಲ್ಲಿಸೋಣ ಅನ್ನುವುದು ಬಹಳ ಅಪಾಯದ ಲೆಕ್ಕ. ಕಣ್ಣು ಮುಚ್ಚಿದ್ದು ನಮಗೇ ಗೊತ್ತಾಗುವುದಿಲ್ಲ. ನಾನು ಹಿರಿಯೂರಿಗೆ ಮುಂಚೆ ಬರುವ ಗುಯಿಲಾಳು ಟೋಲ್ ಆಸುಪಾಸಿನಲ್ಲೇ, ನಿದ್ದೆ ಇರಲಿ ಬಿಡಲಿ, ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುತ್ತೇನೆ. ಎದ್ದು ಮುಖ ತೊಳೆದು ಟೈರ್ ನೋಡಿ ಹೊರಡುತ್ತೇನೆ. 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಐದು ಗಂಟೆ ಕೆಲಸ ಮಾಡಿದರೆ ಅರ್ಧ ಗಂಟೆ ವಿರಾಮ ಕೊಡಬೇಕು ಅಂತ ಬರೆದಿತ್ತು. ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ ಆ ಐದು ಗಂಟೆ ಸರಿಯಾಗಿ ಅಲ್ಲಿಗೇ ಮುಗಿಯುತ್ತದೆ. ಕಂಪನಿಯ ಜಿಪಿಎಸ್‌ನಲ್ಲಿ ಗಾಡಿ ನಿಂತಿದ್ದು ಕಾಣುತ್ತದೆ, ಫೋನ್ ಬರುತ್ತದೆ. ದಿನಾ ಅದೇ ಜಾಗ, ಅದೇ ಹೊತ್ತು ಆದರೆ ಆಮೇಲೆ ಯಾರೂ ಕೇಳುವುದಿಲ್ಲ. ಒಂದು ಮಾತು: ಹೈವೇ ಅಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗಬೇಡಿ. ಹಿಂದಿನಿಂದ ಬರುವವನಿಗೂ ನಿದ್ದೆ ಇರುತ್ತದೆ. ಪಾರ್ಕಿಂಗ್ ಇರುವ ಢಾಬಾ ಅಥವಾ ಪೆಟ್ರೋಲ್ ಬಂಕ್ ನೋಡಿಕೊಳ್ಳಿ. ರಾತ್ರಿ ಹೊಟ್ಟೆ ತುಂಬ ಅನ್ನ ಉಣ್ಣಬೇಡಿ. ಎರಡು ರೊಟ್ಟಿ ಸಾಕು.

ತುಮಕೂರು ದಾಟಿದರೆ ಬೆಂಗಳೂರಿನ ಲೆಕ್ಕವೇ ಬೇರೆ. ನಗರದೊಳಗೆ ಬೆಳಗಿನ ಟ್ರಾಫಿಕ್ ಹೊತ್ತಿನಲ್ಲಿ ದೊಡ್ಡ ಗಾಡಿಗೆ ನಿರ್ಬಂಧ ಇದೆ. ಅದು ಶುರುವಾಗುವ ಮುಂಚೆ ಮುಟ್ಟದಿದ್ದರೆ ನೆಲಮಂಗಲದಲ್ಲೇ ಗಂಟೆಗಟ್ಟಲೆ ಕೂರಬೇಕು. ನಾನು ಸೇರಿದ ವರ್ಷದ ಡಿಸೆಂಬರಿನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದರು. ಸಣ್ಣ ಗಾಡಿಗಳಿಗೆ ಬೇಗ ಬಿಟ್ಟರು, ನಮ್ಮಂಥ ಹೆವಿ ಗಾಡಿಗಳಿಗೆ ಬಿಟ್ಟಿದ್ದು 2024ರ ಜುಲೈನಲ್ಲಿ. ಅಷ್ಟು ದಿನ ಕೆಳಗಿನ ರಸ್ತೆಯೇ ಗತಿ. ಆ ಲೈನಿನವರೆಲ್ಲ ಹುಬ್ಬಳ್ಳಿಯನ್ನೇ ಇನ್ನೂ ಬೇಗ ಬಿಡತೊಡಗಿದೆವು. ಸ್ಪೇರ್ ಆಗಿ ಯಾವತ್ತೋ ಒಮ್ಮೆ ಬರುವವನಿಗೆ ಇದು ಹೇಗೆ ಗೊತ್ತಾಗಬೇಕು?

ಒಂದೇ ಲೈನ್ ಹಿಡಿದರೆ ಡೀಸೆಲ್ ಲೆಕ್ಕದಲ್ಲೂ ಅನುಕೂಲ ಇದೆ. ಕಂಪನಿ ಪ್ರತಿ ಟ್ರಿಪ್ಪಿಗೆ ಆವರೇಜ್ ನೋಡುತ್ತದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಅಂತ. ರಸ್ತೆ ಬದಲಾಗುತ್ತಿದ್ದರೆ ನಿಮ್ಮ ಆವರೇಜ್ ಯಾಕೆ ಬಿತ್ತು ಅಂತ ನಿಮಗೇ ತಿಳಿಯುವುದಿಲ್ಲ. ರಸ್ತೆ ಅದೇ, ಗಾಡಿ ಅದೇ ಇದ್ದಾಗ ಗೊತ್ತಾಗುತ್ತದೆ. ಟೈರಿನ ಗಾಳಿಯೋ, ಬ್ರೇಕ್ ಹಿಡಿದುಕೊಂಡಿದೆಯೋ, ಲೋಡ್ ಜಾಸ್ತಿಯೋ ಅಂತ ಹೇಳಬಹುದು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಸಂಬಳದಲ್ಲಿ ಡೀಸೆಲ್ ಹಣ ಹಿಡಿಯುವ ಮಾತು ಬಂದಾಗ ಆ ಪುಸ್ತಕ ತೋರಿಸಿದೆ. ಮಾತು ಅಲ್ಲಿಗೇ ನಿಂತಿತು.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಳಿ ಕೆಲವರಿಗೆ ಇದೆ. ದಯವಿಟ್ಟು ಬೇಡ. ಈಗಿನ ಎಂಜಿನ್‌ಗಳಲ್ಲಿ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಸಪ್ಲೈ ತಾನೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಗಾಡಿಯನ್ನು ಹಿಡಿದಿಡುವ ಎಂಜಿನ್ ಬ್ರೇಕೂ ಇಲ್ಲ. ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ. ಪುಣೆಯಲ್ಲಿ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯುವ ರಸ್ತೆಯಲ್ಲಿ ಮತ್ತೆ ಮತ್ತೆ ಅಪಘಾತ ಆಗುವುದಕ್ಕೆ ಇದೂ ಒಂದು ಕಾರಣ. ಪುಣೆ ಲೈನಿಗೆ ಹೋಗುವ ನಮ್ಮ ಹುಡುಗರಿಗೆ ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ.

ಲೋಡ್ ಹೇಗೆ ಕೂತಿದೆ ಅನ್ನುವುದೂ ನೋಡಬೇಕು. ಪಾರ್ಸೆಲ್ ಗಾಡಿಯಲ್ಲಿ ಬಟ್ಟೆಯ ಬೇಲ್ ಪಕ್ಕ ಬೆಳಗಾವಿಯ ಫೌಂಡ್ರಿ ಎರಕ ಇರುತ್ತದೆ. 2018ರ ನಿಯಮದಂತೆ ನಾಲ್ಕು ಟೈರಿನ ಒಂದು ಹಿಂದಿನ ಆಕ್ಸಲ್‌ಗೆ 11.5 ಟನ್‌ವರೆಗೆ ಮಾತ್ರ. ಒಟ್ಟು ತೂಕ ಸರಿ ಇದ್ದರೂ ಭಾರದ ಮಾಲೆಲ್ಲ ಹಿಂದೆ ಬಿದ್ದರೆ ಆಕ್ಸಲ್ ತೂಕ ಮೀರುತ್ತದೆ. ಸ್ಟಿಯರಿಂಗ್ ಹಗುರಾಗಿ ಮುಂದಿನ ಚಕ್ರ ತೇಲಿದ ಹಾಗೆ ಅನಿಸುತ್ತದೆ. ಯಾರ್ಡ್ ಬಿಡುವ ಮುಂಚೆಯೇ ಇದು ಗೊತ್ತಾಗುತ್ತದೆ. ಆಗಲೇ ವಾಪಸ್ ಬಂದು ಹೇಳಿ. ಹಮಾಲರು ಬೈದರೂ ಪರವಾಗಿಲ್ಲ.

ಕಾಗದದ ವಿಷಯ. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಕಾಗದ) ಬೇಕು. 200 ಕಿಲೋಮೀಟರಿಗೆ ಒಂದು ದಿನ ಅಂತ ಅದರ ಅವಧಿ. ಅದರಲ್ಲಿ ನಿಮ್ಮ ಗಾಡಿ ನಂಬರ್ ಇರುತ್ತದೆ. ಗಾಡಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹಾಕಿದರೆ ಹೊಸ ನಂಬರ್ ಹಾಕಿಸದೆ ಆ ಗಾಡಿ ಕದಲಬಾರದು. ಹಬ್‌ಗೆ ಫೋನ್ ಮಾಡಿ, ಬದಲಾದ ಮೆಸೇಜ್ ಬಂದ ಮೇಲೆ ಹೊರಡಿ. ಬಾಗಿಲು ಸೀಲ್ ಮಾಡಿದ ಗಾಡಿಯಾದರೆ ಸೀಲ್ ನಂಬರ್ ಓದಿ, ಫೋಟೋ ತೆಗೆದು ಸಹಿ ಹಾಕಿ. ಒಳಗಿನ ಬಾಕ್ಸ್ ಎಣಿಸದೆ ಎಣಿಕೆಗೆ ಸಹಿ ಹಾಕಬೇಡಿ.

ಸಂಬಳದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಬ್ಬ ಮಾಲೀಕರ ಲಾರಿಯಲ್ಲಿ ನನಗೆ ಪಿಎಫ್ ಇರಲಿಲ್ಲ, ಇಎಸ್‌ಐ (ಆಸ್ಪತ್ರೆ ವಿಮೆ) ಇರಲಿಲ್ಲ. ಕಂಪನಿಯಲ್ಲಿ ಎರಡೂ ಬಂದವು. ಪಿಎಫ್‌ಗೆ ನಮ್ಮ ಪಾಲು 12 ಪರ್ಸೆಂಟ್. ಇಎಸ್‌ಐಗೆ 0.75 ಪರ್ಸೆಂಟ್, ತಿಂಗಳ ವೇತನ 21,000 ರೂಪಾಯಿ ಒಳಗಿದ್ದವರಿಗೆ. ಹೆಂಡತಿ ಮಕ್ಕಳ ಆಸ್ಪತ್ರೆ ಖರ್ಚಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ಗೊತ್ತಾದ ಮೇಲೆ ನಾನು ಬತ್ತಾ ಹಿಂದೆ ಓಡುವುದನ್ನು ಯೋಚನೆ ಕೂಡ ಮಾಡಿಲ್ಲ. ಸೇರಿದ ಕೂಡಲೇ ಪಿಎಫ್‌ನ ಯುಎಎನ್ ನಂಬರ್ ಕೇಳಿ ಇಸಿದುಕೊಳ್ಳಿ.

ಅಪಘಾತ ಯಾರಿಗೂ ಬೇಡ. ಆದರೂ ಕಾನೂನು ತಿಳಿದಿರಬೇಕು. ಗಾಯಾಳುವಿಗೆ ಚಿಕಿತ್ಸೆ ಸಿಗುವ ಹಾಗೆ ಮಾಡುವುದು ಡ್ರೈವರನ ಕರ್ತವ್ಯ. ಜನ ಸೇರಿ ಹೊಡೆಯುವ ಪರಿಸ್ಥಿತಿಯೋ, ಕೈಮೀರಿದ ಬೇರೆ ಕಾರಣವೋ ಇದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಆಗಲೂ ಹತ್ತಿರದ ಸ್ಟೇಷನ್‌ಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಇದು. 112ಕ್ಕೆ ಫೋನ್ ಮಾಡಿ, ಆಮೇಲೆ ಕಂಪನಿಗೆ. ಈ ಕ್ರಮ ತಲೆಯಲ್ಲಿ ಇರಲಿ.

ಹೊಸ ಗಾಡಿಯ ಆಸೆ ಎಲ್ಲರಿಗೂ ಇರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೆಯದೇ ಆಯಿತು, ಏಪ್ರಿಲ್ ಬಿಸಿಲಿನಲ್ಲಿ ಕೂತವರಿಗೆ ಗೊತ್ತು. ಆದರೆ ಹೊಸ ಗಾಡಿ ನಮ್ಮ ಸರ್ವಿಸ್ ಎಷ್ಟಾಗಿದೆ ನೋಡಿ ಬರುತ್ತದೆ. ಅದಕ್ಕಾಗಿ ಲೈನ್ ಬಿಡಬೇಡಿ.

ಎರಡನೇ ಲೈನ್ ಯಾವಾಗ? ನನ್ನ ಅಳತೆ ಇಷ್ಟು: ಮಳೆಗಾಲ, ಆಷಾಢದ ಗಾಳಿ, ಕಬ್ಬಿನ ಕಾಲ, ಮೂರನ್ನೂ ಒಂದೇ ರಸ್ತೆಯಲ್ಲಿ ನೋಡಿರಬೇಕು. ಅದಾದ ಮೇಲೆ ನಾನು ಘಟ್ಟದ ಲೈನ್ ಕೇಳಿದೆ. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಎನ್‌ಎಚ್ 66. ಅದಕ್ಕೂ ಮೊದಲ ಕೆಲವು ಟ್ರಿಪ್ ಹಳಬರನ್ನು ಜೊತೆಗೆ ಕೇಳಿ ಕರೆದುಕೊಂಡು ಹೋದೆ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ತಿರುವಿನ ಮುಂಚೆಯೇ ಗೇರ್ ಬೀಳಬೇಕು, ಎಕ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಹಾಕಿರಬೇಕು. ಮೈಸೂರು ದಾಟಿ ಕೇರಳದ ಕಡೆ ಲೈನ್ ಕೇಳುವವರು ಬಂಡೀಪುರದ ಗೇಟ್ ನೆನಪಿಡಿ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಒಂಬತ್ತರೊಳಗೆ ದಾಟುವ ಖಾತ್ರಿ ಇಲ್ಲದಿದ್ದರೆ ನಂಜನಗೂಡು ಕಡೆಯೇ ಜಾಗ ನೋಡಿ ಮಲಗಿ, ಬೆಳಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ.